ಬೇಳೆ ಬೇಯುವ ನೀರು

ಬೀರೂರು ಜಂಕ್ಷನ್ನು ಬಂದಾಗ ಮಲ್ಲಿಕಾಂಬ ಏಳುತ್ತಿದ್ದಳು. ಕಡೂರಿನಿಂದ ಅಲ್ಲಿಯವರೆಗೆ ಗಂಡ ಹೆಂಡತಿ ಇಬ್ಬರದೂ ಒಂದೇ ಗಾಡಿ. ಅಲ್ಲಿ ಅವಳು ಇಳಿದು, ಆಚೆ ಪ್ಲಾಟ್‌ಫಾರಮ್ಮಿನಲ್ಲಿ ನಿಂತಿರುವ ಶಿವಮೊಗ್ಗದ ಗಾಡಿ ಹತ್ತಿ ತರೀಕೆರೆಗೆ ಹೋಗಬೇಕು. ಪಂಚಾಕ್ಷರಪ್ಪ ಕೂತಲ್ಲೇ ಕೂತು ಅಜ್ಜಂಪುರಕ್ಕೆ. ಅವಳು ತರೀಕೆರೆಯ ಹೆಣ್ಣುಮಕ್ಕಳ ಮಿಡ್ಲ್ ಸ್ಕೂಲಿನಲ್ಲಿ ಟೀಚರು, ಅವನು ಅಜ್ಜಂಪುರದ ದನದ ಫಾರಮ್ಮಿನಲ್ಲಿ ಗುಮಾಸ್ತ. ಹೋಗಿ ಬರುತ್ತೇನೆ ಎಂಬ ಮಾತು ಇಬ್ಬರ ನಡುವೆ ಇರಲಿಲ್ಲ. ಅವಳು ಎದ್ದ ಕಿಟಕಿಯ ಜಾಗಕ್ಕೆ ಅವನು ಸರಿದು ಕೂರುವನು, ಅಷ್ಟೆ. ಮದುವೆಯಾದ ಹೊಸದರಲ್ಲಿ ಅದನ್ನು ಅವಳು ಕಿಟಕಿಯ ಆಸೆ ಎಂದುಕೊಂಡಿದ್ದಳು. ಆಮೇಲೊಂದು ದಿನ, ಗಾಡಿ ಹೊರಟು ಎಷ್ಟೋ ದೂರ ಹೋದರೂ ಅವನ ಮುಖ ಹಿಂದಕ್ಕೇ ತಿರುಗಿದ್ದುದನ್ನು ಕಂಡಳು. ಕಂಡದ್ದನ್ನು ಅವನಿಗೆ ಹೇಳಲಿಲ್ಲ.

ಅವರಿದ್ದದ್ದು ಕಡೂರಿನ ಪೇಟೆಯಲ್ಲಿ, ಪಂಚಾಕ್ಷರಪ್ಪನ ಅಣ್ಣ ಕರಿಸಿದ್ದಪ್ಪನ ಮನೆಯಲ್ಲಿ. ಕರಿಸಿದ್ದಪ್ಪನದು ಬೇಳೆಕಾಳಿನ ಮಂಡಿ. ವ್ಯಾಪಾರ ಹೆಚ್ಚಿದಂತೆ ಮೂಟೆಗಳು ಮಂಡಿಯಿಂದ ಮನೆಯ ನಡುಮನೆಗೆ ಬಂದವು, ನಡುಮನೆಯಿಂದ ತಮ್ಮನ ಕೋಣೆಗೂ ಬಂದವು. ಅಣ್ಣನ ಮಕ್ಕಳು ದೊಡ್ಡವರಾಗುತ್ತಿದ್ದರು. ಅರವತ್ತೊಂದನೆಯ ಇಸವಿಯ ಸಂಕ್ರಾಂತಿ ಕಳೆದ ಮೇಲೆ ಒಂದು ಸಂಜೆ ಕರಿಸಿದ್ದಪ್ಪ ಜಗಲಿಯ ಮೇಲೆ ಎಲೆಯಡಿಕೆ ತಟ್ಟೆ ಮುಂದಿಟ್ಟುಕೊಂಡು ತಮ್ಮನನ್ನು ಕರೆದ. ಅವನದು ದೊಡ್ಡ ಗಂಟಲು. ಒಳಗೆ ರಾಗಿ ಬೀಸುತ್ತಿದ್ದ ಹೆಂಗಸರಿಗೂ ಕೇಳಿಸಿತು.

"ನೋಡಪ್ಪಾ ಪಂಚಾಕ್ಷರಿ, ನಿಂಗೂ ಅಂತ ಒಂದು ಸೂರು ಆಗ್ಲಿ. ಜಗಳ ಆಗಿ ಬ್ಯಾರೆ ಆದ್ರು ಅಂತ ಯಾರೂ ಅನ್ಬಾರ್ದು, ಅದ್ಕೇ ನಾನೇ ಮುಂದೆ ನಿಂತು ಕೊಡಿಸ್ತೀನಿ. ಅಜ್ಜಂಪುರದಾಗೆ ನಮ್ಮ ಈರಭದ್ರನ ಹಳೇ ಮನೆ ಐತಲ್ಲ, ಮಾರ್ತಾನಂತೆ. ಹಿತ್ತಲು ಐತೆ, ಬಾವಿ ಐತೆ, ನಿನ್ನ ಫಾರಮ್ಮು ನಡ್ಕಂಡ್ ಹೋಗೋವಷ್ಟು ದೂರ."

ಪಂಚಾಕ್ಷರಪ್ಪ ಕಂಬದ ಪಕ್ಕ ನಿಂತೇ ಕೇಳಿಸಿಕೊಂಡ. "ಅವಳ ಸ್ಕೂಲು?" ಎಂದ.

"ಸ್ಕೂಲು ಏನು, ಬಿಟ್ರಾಯ್ತು. ನಾಳೆ ಮಕ್ಕಳಾದ್ರೆ ಹೆಂಗೂ ಬಿಡೋದೇ ಅಲ್ವಾ?"

ಬೀಸುವ ಕಲ್ಲಿನ ಗೂಟದ ಮೇಲೆ ಮಲ್ಲಿಕಾಂಬನ ಕೈಯಿತ್ತು, ಅವಳ ಕೈಯ ಮೇಲೆ ಅತ್ತೆ ವಿಶಾಲಾಕ್ಷಮ್ಮನ ಕೈ. ಕಲ್ಲು ತಿರುಗುತ್ತಲೇ ಇತ್ತು. ಗಂಡ ಇನ್ನೇನಾದರೂ ಅಂದಾನು ಎಂದು ಮಲ್ಲಿಕಾಂಬ ಕಾದಳು. ಅವನು ಅನ್ನಲಿಲ್ಲ. ತಂದೆ ಹೋದ ಮೇಲೆ ಓದಿಸಿದವನು ಅಣ್ಣ. ಅವನೆದುರು ಪಂಚಾಕ್ಷರಪ್ಪನ ಬಾಯಿ ಎಂದೂ ಒಂದು ಪ್ರಶ್ನೆಗಿಂತ ಮುಂದೆ ಹೋದದ್ದಿಲ್ಲ.

ಅಜ್ಜಂಪುರದಲ್ಲಿ ಮನೆಯಾದರೆ ಕೆಲಸ ಹೋದಂತೆಯೇ ಎಂದು ಅವಳಿಗೆ ಗೊತ್ತಿತ್ತು. ಅಲ್ಲಿಂದ ರೈಲು ಹಿಡಿದು ಬೀರೂರಿಗೆ ಬರುವಷ್ಟರಲ್ಲಿ ಶಿವಮೊಗ್ಗದ ಗಾಡಿ ಹೊರಟುಹೋಗಿರುತ್ತದೆ. ನೆಟ್ಟಗೆ ತರೀಕೆರೆಗೆ ಹೋಗುವ ಬಸ್ಸು ಇತ್ತು. ಆದರೆ ಅದು ತಾಲ್ಲೂಕು ಕಚೇರಿಗೂ ಕೋರ್ಟಿಗೂ ಹೋಗುವವರೆಲ್ಲ ಉಂಡು ಬಂದು ಹತ್ತಿದ ಮೇಲೆ ಹೊರಡುವ ಬಸ್ಸು; ಸ್ಕೂಲಿನ ಗಂಟೆಗೆ ಮುಟ್ಟುವುದಿಲ್ಲ. ಇನ್ನು ತರೀಕೆರೆಯಲ್ಲೇ ಮನೆ ಮಾಡುವ ಮಾತನ್ನು ಯಾರೂ ಎತ್ತಲೇ ಇಲ್ಲ. ಹೆಂಡತಿಯ ಕೆಲಸದ ಊರಿಗೆ ಗಂಡ ಹೋಗಿ ಕೂತ ಎಂದು ನಾಲ್ಕು ಜನ ನಗುವುದನ್ನು ಕರಿಸಿದ್ದಪ್ಪ ಸಹಿಸುವವನಲ್ಲ.

ಕೆಲಸ ಹೋದರೆ ಏನು ಹೋಗುತ್ತದೆ ಎಂದು ಅವಳು ಆ ವಾರವೆಲ್ಲ ಯೋಚಿಸಿದಳು. ಸಂಬಳವೇನೋ ಹೋಗುತ್ತದೆ. ಆದರೆ ಅವಳನ್ನು ಕಾಡುತ್ತಿದ್ದದ್ದು ಬೇರೊಂದು. ಮನೆಯಲ್ಲಿ ಅವಳ ಧ್ವನಿ ಅಡುಗೆಮನೆಯ ಹೊಸಿಲು ದಾಟುತ್ತಿರಲಿಲ್ಲ. ದಾಟಬೇಡ ಎಂದು ಯಾರೂ ಹೇಳಿರಲಿಲ್ಲ. ದಾಟುವ ಅಗತ್ಯ ಬೀಳುತ್ತಿರಲಿಲ್ಲ. ತರೀಕೆರೆಯಲ್ಲಿ ಅದೇ ಧ್ವನಿ ಹಿಂದಿನ ಬೆಂಚಿನ ತನಕ ಹೋಗುತ್ತಿತ್ತು. ಭೂಗೋಳ ಹೇಳುತ್ತಾ ನಡುವೆ ಒಮ್ಮೆ ನಿಲ್ಲಿಸಿದರೆ ಅಷ್ಟು ಹುಡುಗಿಯರೂ ಮುಂದಿನ ಮಾತಿಗಾಗಿ ಉಸಿರು ಹಿಡಿಯುತ್ತಿದ್ದರು. ಆ ಮೌನ ಮನೆಯ ಮೌನದಂತಿರಲಿಲ್ಲ.

ಬೀರೂರಿನ ಮನೆಯ ಸುದ್ದಿ ಬಂದದ್ದು ಆ ವಾರವೇ. ಅಂಜಿನಪ್ಪ ಎಂಬಾತ ಆ ಜಂಕ್ಷನ್ನಿನಲ್ಲಿ ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಆಗಿದ್ದು ರಿಟೈರ್ ಆದವನು. ರಿಟೈರಾದರೂ ದಿನಾ ಪ್ಲಾಟ್‌ಫಾರಮ್ಮಿಗೆ ಬಂದು ಕೂರುವ ಚಾಳಿ ಬಿಟ್ಟಿರಲಿಲ್ಲ.

"ಏನ್ ಟೀಚರಮ್ಮ, ದಿನಾ ನೋಡ್ತೀನಿ, ನೀವು ಒಂದ್ಕಡೆ, ಯಜಮಾನ್ರು ಒಂದ್ಕಡೆ. ಇಲ್ಲೇ ಒಂದು ಮನೆ ಮಾಡ್ಬಾರ್ದಾ? ನಮ್ಮದು ಕೊಟ್ಬಿಟ್ಟು ನಾನು ಭದ್ರಾವತಿಗೆ ಮಗನ ಹತ್ರ ಹೋಗ್ತೀನಿ ಕಣವ್ವ. ಕೋಳಿ ಕೂಗೋಕೆ ಮುಂಚೆ ಇಂಜಿನ್ನೇ ಎಬ್ಬಿಸ್ತದೆ."

ಅವಳು ಗಂಡನಿಗೆ ಹೇಳಿದಳು. ಗಂಡ ಅಣ್ಣನಿಗೆ ಹೇಳಿದ. ಕರಿಸಿದ್ದಪ್ಪ ನಕ್ಕುಬಿಟ್ಟ.

"ಬೀರೂರಾ? ಅಲ್ಲೋ, ಜನ ಆ ಊರಲ್ಲಿ ಗಾಡಿ ಬದಲಾಯಿಸ್ತಾರೆ, ಮನೆ ಕೊಳ್ತಾರೇನೋ? ಅವ್ವ ಹೊಗೆ ಕುಡ್ಕಂಡು ಕೂತಿರ್ಬೇಕಾ ಅಲ್ಲಿ?"

ವಿಶಾಲಾಕ್ಷಮ್ಮ ತಮ್ಮಿಬ್ಬರ ಜೊತೆಗೇ ಬರುತ್ತಾರೆ ಎಂಬುದು ಮಲ್ಲಿಕಾಂಬನಿಗೆ ತಿಳಿದದ್ದು ಆಗ. ಇಬ್ಬರೂ ಹೊರಗೆ ಹೋದರೆ ಬಾಗಿಲು ತೆಗೆಯುವವರು ಯಾರು ಎಂದು ಅವರೇ ಹಿರಿಯ ಮಗನಿಗೆ ಹೇಳಿದ್ದರಂತೆ. ಈಗಲೂ ಅವರು ಒಳಗಿನಿಂದಲೇ ಅಂದರು:

"ಎರಡೂ ನೋಡಾನ ಬಿಡೋ ಕರಿಸಿದ್ದ. ನೀರು ನೋಡ್ದೆ ಮನೆ ತಗಳಂಗಿಲ್ಲ."

ಕರಿಸಿದ್ದಪ್ಪ ಎದುರಾಡಲಿಲ್ಲ. ನೀರು ನೋಡುವುದೆಂದರೆ ಆ ಮನೆತನದಲ್ಲಿ ಬೇಳೆ ಬೇಯಿಸಿ ನೋಡುವುದು. ವಿಶಾಲಾಕ್ಷಮ್ಮನ ತವರು ಚೌಳಹಿರಿಯೂರಿನ ಕಡೆ. ಅವರ ಕೇರಿಯ ಬಾವಿಗಳಲ್ಲಿ ಒಂದರ ನೀರು ಇನ್ನೊಂದರಂತಿರಲಿಲ್ಲ. ಒಂದರಲ್ಲಿ ತೊಗರಿಬೇಳೆ ಬೆಣ್ಣೆಯಾದರೆ, ಪಕ್ಕದ್ದರಲ್ಲಿ ಮಧ್ಯಾಹ್ನದವರೆಗೆ ಕುದಿಸಿದರೂ ಕಾಳು ಕಾಳಾಗಿಯೇ ಉಳಿಯುತ್ತಿತ್ತು. ಮನೆ ಕೊಳ್ಳುವುದಿರಲಿ, ಹೆಣ್ಣು ಕೊಡುವುದಿರಲಿ, ಅಲ್ಲಿಯ ಹೆಂಗಸರು ಮೊದಲು ಒಂದು ಹಿಡಿ ಬೇಳೆ ಕಟ್ಟಿಕೊಂಡು ಹೋಗಿ ಆ ಮನೆಯ ನೀರಿನಲ್ಲಿ ಬೇಯಿಸಿ ನೋಡುತ್ತಿದ್ದರು. ಬೇಯದಿದ್ದರೆ ಮಾತು ಮುರಿಯಿತು. ಕಡೂರಿನ ಮನೆಯನ್ನೂ ವಿಶಾಲಾಕ್ಷಮ್ಮನ ತಾಯಿ ಹಾಗೆಯೇ ನೋಡಿ ಒಪ್ಪಿದ್ದರಂತೆ.

ಮುಂದಿನ ಭಾನುವಾರ ನಾಲ್ವರೂ ಅಜ್ಜಂಪುರಕ್ಕೆ ಹೋದರು. ವಿಶಾಲಾಕ್ಷಮ್ಮನ ಕೈಚೀಲದಲ್ಲಿ ಒಂದು ಸಣ್ಣ ತಪ್ಪಲೆ, ಒಂದು ಸೌಟು, ಬೆಂಕಿಪೊಟ್ಟಣ. ಸೆರಗಿನ ತುದಿಯಲ್ಲಿ ಗಂಟು.

ಮನೆ ಚೆನ್ನಾಗಿತ್ತು. ಅದೇ ಮಲ್ಲಿಕಾಂಬನಿಗೆ ಕಷ್ಟವಾದದ್ದು. ತೊಲೆಗಳು ಗಟ್ಟಿಯಾಗಿದ್ದವು. ನಡುಮನೆಯಲ್ಲಿ ತಂಪು ಗಾಳಿ ಆಡುತ್ತಿತ್ತು. ಹಿತ್ತಲಲ್ಲಿ ಬಾವಿಯ ಪಕ್ಕ ಒಂದು ನುಗ್ಗೆಮರ ಹೂ ಬಿಟ್ಟಿತ್ತು. ಬೇಡವೆನ್ನಲು ಒಂದು ಬಿರುಕನ್ನಾದರೂ ಹುಡುಕಿ ಕಣ್ಣು ಸೋತು, ಅವಳು ತನ್ನ ಬಗ್ಗೆ ತಾನೇ ನಾಚಿಕೊಂಡಳು. ಇಂಥ ಮನೆಯಲ್ಲಿ ಅತ್ತೆ ಸುಖವಾಗಿರಬಹುದು. ತನ್ನೊಬ್ಬಳ ಭೂಗೋಳ ಪಾಠಕ್ಕಾಗಿ ಅದನ್ನು ತಪ್ಪಿಸುವುದೇ?

ಮನೆಯ ಒಡೆಯ ಈರಭದ್ರಪ್ಪ ವರಸೆಯಲ್ಲಿ ವಿಶಾಲಾಕ್ಷಮ್ಮನಿಗೆ ತಂಗಿಯ ಮಗನಾಗಬೇಕು. ಹೊಸ ಮನೆ ಕಟ್ಟಿಸಿಕೊಂಡು ಪೇಟೆಯ ಕಡೆ ಹೋಗಿದ್ದವನು ಅವತ್ತು ಬೀಗ ತೆಗೆಯಲು ಬಂದಿದ್ದ.

"ದೊಡ್ಡವ್ವ, ನಮ್ಮ ಬಾವಿ ನೀರ್ನಾಗೆ ಕಲ್ಲು ಹಾಕಿದ್ರೂ ಬೇಯ್ತದೆ ಕಣವ್ವ. ಯಾಕೆ ಸುಮ್ನೆ ಹೊಗೆ ತಿಂತೀಯ?"

"ಕಲ್ಲು ನೀನು ತಿನ್ನಪ್ಪ. ನಾವು ಬೇಳೆ ತಿನ್ನೋರು," ಎಂದು ವಿಶಾಲಾಕ್ಷಮ್ಮ ಹಿತ್ತಲಿಗೆ ಹೋಗಿ ಮೂರು ಕಲ್ಲು ಹೂಡಿದರು. ಗಂಡಸರು ಜಗಲಿಯ ಮೇಲೆ ಎಲೆಯಡಿಕೆಗೆ ಕೂತರು.

ಮಲ್ಲಿಕಾಂಬ ನೀರು ಸೇದಿ ಕೊಟ್ಟಳು. ಪುಳ್ಳೆ ಹೊತ್ತಿತು, ನೀರು ಕುದಿಯಿತು. ವಿಶಾಲಾಕ್ಷಮ್ಮ ಸೆರಗಿನ ಗಂಟು ಬಿಚ್ಚಿ ಬೇಳೆ ಹಾಕಿದರು. ಆಮೇಲೆ ಸೊಂಟದ ಚೀಲಕ್ಕೆ ಕೈಹಾಕಿ ಇನ್ನೇನೋ ತೆಗೆದರು. ಅಡಿಕೆ ಎಂದುಕೊಂಡಳು ಮಲ್ಲಿಕಾಂಬ. ಅಡಿಕೆಯಲ್ಲ. ನಿಂಬೆಹಣ್ಣಿನ ಗಾತ್ರದ ಹುಣಸೆಹಣ್ಣು, ಬೀಜ ಸಮೇತ. ಅದನ್ನು ಮೆಲ್ಲಗೆ ಕುದಿಯುವ ನೀರಿಗೆ ಬಿಟ್ಟು, ಸೌಟಿನಿಂದ ಒಮ್ಮೆ ಒತ್ತಿದರು.

ಹುಳಿ ಬಿದ್ದರೆ ಬೇಳೆ ಬೇಯುವುದಿಲ್ಲ. ಅಡುಗೆಮನೆಗೆ ಮೊದಲ ದಿನ ಕಾಲಿಟ್ಟ ಹುಡುಗಿಗೂ ಅಷ್ಟು ಹೇಳಿಕೊಟ್ಟಿರುತ್ತಾರೆ. ಅದಕ್ಕೇ ಬೇಳೆ ಕರಗಿದ ಮೇಲೆ ಹುಳಿ ಹಿಂಡುವುದು. ಗಂಗೆಯ ನೀರೇ ಆದರೂ ಅಷ್ಟೆ. ಮಲ್ಲಿಕಾಂಬ ತಲೆಯೆತ್ತಿ ಅತ್ತೆಯ ಮುಖ ನೋಡಿದಳು. ಅತ್ತೆಯೂ ನೋಡಿದರು. ಆ ಕಣ್ಣಿನಲ್ಲಿ ನಗು ಇರಲಿಲ್ಲ, ತಪ್ಪು ಮಾಡಿದ ಅಳುಕೂ ಇರಲಿಲ್ಲ. ಹೊಗೆಗೆ ಸ್ವಲ್ಪ ನೀರು ಬಂದಿತ್ತು.

"ಹಂಗೇನು ನೋಡ್ತೀಯ, ಊದೇ," ಎಂದರು.

ಅವಳು ಊದಿದಳು. ಎಷ್ಟೋ ಹೊತ್ತಿನ ಮೇಲೆ ವಿಶಾಲಾಕ್ಷಮ್ಮ ಹುಣಸೆಯ ಚರಟವನ್ನು ಸೌಟಿನಿಂದ ಎತ್ತಿ ಬೆಂಕಿಗೆ ಹಾಕಿದರು. ಅಷ್ಟರಲ್ಲಿ ಗಂಡಸರು ಹಿತ್ತಲ ಬಾಗಿಲಿಗೆ ಬಂದಿದ್ದರು. ಒಲೆಯೊಳಗೆ ಬೀಜ ಪಟ್ ಎಂದಿತು. ಇನ್ನೊಂದು ಸಲ ಪಟ್ ಎಂದಿತು.

"ಏನವ್ವ ಅದು ಸದ್ದು?" ಕರಿಸಿದ್ದಪ್ಪ ಕೇಳಿದ.

"ಹಸಿ ಪುಳ್ಳೆ ಕಣೋ. ನಿನ್ನ ನೆಂಟ ಒಣಗಿದ್ದು ಎಲ್ಲಿಟ್ಟವ್ನೆ?"

ಕರಿಸಿದ್ದಪ್ಪ ಸೌಟಿನ ಅಂಚಿನಿಂದ ನಾಲ್ಕು ಕಾಳು ತೆಗೆದು ಬೆರಳಲ್ಲಿ ಹಿಚುಕಿದ. ಕಾಳು ಜಾರಿತೇ ಹೊರತು ನುರಿಯಲಿಲ್ಲ. ಈರಭದ್ರಪ್ಪನ ಮುಖ ಇಳಿದುಹೋಯಿತು.

"ಇದೇನ್ ದೊಡ್ಡವ್ವ... ನಮ್ಮನೇಲಿ ಹಿಂಗೆ ಯಾವತ್ತೂ ಆಗಿಲ್ಲ. ಬೇಳೆ ಹಳೇದಿರ್ಬೇಕು ಕಣವ್ವ."

ವಿಶಾಲಾಕ್ಷಮ್ಮ ಹಿರಿಯ ಮಗನ ಕಡೆ ತಿರುಗಿ ನೋಡಿದರು, ಅಷ್ಟೆ.

"ಏನಂದೆ? ಹಳೇದಾ?" ಕರಿಸಿದ್ದಪ್ಪನ ದೊಡ್ಡ ಗಂಟಲು ತೆರೆಯಿತು. "ನನ್ನ ಮಂಡಿ ಬೇಳೆ ಕಣಯ್ಯ ಇದು! ಮೊನ್ನೆ ಬಂದ ಹೊಸ ಮಾಲು. ಕಡೂರು ಅರ್ಧ ಊರು ಉಣ್ತಾ ಐತೆ ಇದನ್ನ."

"ಹಂಗಾರೆ ನಮ್ಮ ನೀರು ಅಂತೀಯಾ?"

"ಇನ್ನೇನು, ನಮ್ಮವ್ವನ ತಪ್ಪಲೆ ಅನ್ಲಾ?"

ಮುಂದೆ ಮಾತು ಬೆಳೆಯಲಿಲ್ಲ. ತನ್ನ ಬೇಳೆಗೆ ಹೆಸರು ಕೆಡುವುದಕ್ಕಿಂತ ನೆಂಟನ ಬಾವಿಗೆ ಕೆಡಲಿ ಎಂದು ಕರಿಸಿದ್ದಪ್ಪ ತೀರ್ಮಾನಿಸಿ ಆಗಿತ್ತು. ಹೊರಡುವ ಮುಂಚೆ ವಿಶಾಲಾಕ್ಷಮ್ಮ ಸೊಸೆಯನ್ನು ಬಾವಿಯ ಹತ್ತಿರ ಕರೆದು, "ಒಂದು ಚೊಂಬು ಸೇದೇ," ಎಂದರು. ಎತ್ತಿ ಕುಡಿದರು. ಇನ್ನೊಂದು ಚೊಂಬು ಕೇಳಿ ಅದನ್ನೂ ಕಣ್ಣು ಮುಚ್ಚಿಕೊಂಡು, ನಿಲ್ಲಿಸದೆ ಕುಡಿದರು. ಉಳಿದ ನೀರನ್ನು ಮಲ್ಲಿಕಾಂಬ ಬಾಯಿಗೆ ಹಾಕಿಕೊಂಡಳು. ಎಳನೀರಿನ ಹಾಗಿತ್ತು.

ವಾಪಸು ಬರುವಾಗ ಪಂಚಾಕ್ಷರಪ್ಪ ಸ್ಟೇಷನ್ನಿನಲ್ಲಿ ಹುರಿದ ಕಡಲೆಕಾಯಿ ಕೊಂಡು ಎಲ್ಲರ ಕೈಗೂ ಹಾಕಿದ. ಮಲ್ಲಿಕಾಂಬ ಗಾಡಿಯಲ್ಲಿ ಕಾಯಿ ಸುಲಿಯುತ್ತಾ ಎದುರಿಗೆ ಕೂತ ಅತ್ತೆಯನ್ನೇ ನೋಡುತ್ತಿದ್ದಳು. ಯಾಕೆ ಹೀಗೆ ಮಾಡಿದರು? ಕೇಳಿದರೆ ಹೇಳುವವರಲ್ಲ. ಹಿಂದಿನ ವರ್ಷ ನೆಂಟರ ಮದುವೆಗೆಂದು ತರೀಕೆರೆಗೆ ಬಂದವರು, ಸಂಜೆಯ ಗಾಡಿಯಾಗುವ ತನಕ ಅವಳ ಸ್ಕೂಲಿನ ಜಗಲಿಯ ಮೇಲೆ ಕಂಬಕ್ಕೊರಗಿ ಕೂತಿದ್ದರು. ಒಳಗೆ ಅವಳು ಪಾಠ ಮಾಡುತ್ತಿದ್ದಳು. ಮನೆಗೆ ಬರುವಾಗ ಅವರು ಕೇಳಿದ್ದು ಒಂದೇ ಮಾತು: "ಅಲ್ಲಿ ಅಷ್ಟು ಜೋರಾಗಿ ಮಾತಾಡ್ತೀಯಲ್ಲೇ ಮಲ್ಲಿ?" ಅದನ್ನು ಅವಳು ಬೈಗುಳವೆಂದು ತಿಳಿದು ಎಷ್ಟೋ ದಿನ ಕುಗ್ಗಿಹೋಗಿದ್ದಳು. ಅದು ಬೈಗುಳವಾಗಿರಲಿಲ್ಲವೇನೋ ಎಂದು ಈಗ ಮೊದಲ ಸಲ ಅನ್ನಿಸಿತು. ಮುಖವನ್ನು ಕಿಟಕಿಯಾಚೆಗೆ ತಿರುಗಿಸಿದ್ದರಿಂದ ಕಣ್ಣು ತುಂಬಿದ್ದು ಯಾರಿಗೂ ಕಾಣಲಿಲ್ಲ.

ಮರುವಾರ ಬೀರೂರು. ಅಂಜಿನಪ್ಪನ ಮನೆ ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿತ್ತು. ಎರಡು ಕೋಣೆ, ಒಂದು ಅಡುಗೆಮನೆ, ಮೊಳದಗಲದ ಹಿತ್ತಲು, ಹಿತ್ತಲಲ್ಲಿ ಬಾವಿ. ಗೋಡೆಗೆ ಹೊಗೆಯ ಬಣ್ಣ ಹತ್ತಿತ್ತು. ಕರಿಸಿದ್ದಪ್ಪ ಮೂಗು ಮುರಿದ.

"ನೀರು ಒಂಚೂರು..." ಎಂದು ಅಂಜಿನಪ್ಪ ಏನೋ ಹೇಳಹೊರಟ.

"ನೀರು ನಾನು ನೋಡ್ಕತೀನಿ. ನೀನು ಜಗಲಿಗೆ ಹೋಗಪ್ಪ," ಎಂದು ವಿಶಾಲಾಕ್ಷಮ್ಮ ಅವನನ್ನು ಹೊರಗೆ ಕಳಿಸಿಬಿಟ್ಟರು.

ಈ ಸಲ ಮಲ್ಲಿಕಾಂಬ ಅತ್ತೆಯ ಕೈಯನ್ನೇ ಕಾವಲು ಕಾದಳು. ಹುಣಸೆ ಬರಲಿಲ್ಲ. ಬೇಳೆ ನೀರಿಗೆ ಬಿತ್ತು, ಕುದಿಯಿತು, ಒಡೆಯಿತು, ನೋಡನೋಡುತ್ತ ಕರಗಿತು. ವಿಶಾಲಾಕ್ಷಮ್ಮ ಉಪ್ಪು ಹಾಕಿ ಒಂದು ಬಟ್ಟಲಲ್ಲಿ ಅದರ ಕಟ್ಟನ್ನು ಬಗ್ಗಿಸಿ ಹಿರಿಯ ಮಗನಿಗೆ ಕೊಟ್ಟರು. ಅವನು ಕುಡಿದು, ಬಟ್ಟಲನ್ನು ನೋಡಿ, ಇನ್ನೊಮ್ಮೆ ಹಾಕಿಸಿಕೊಂಡು ಕುಡಿದ.

"ಬೆಣ್ಣೆ ಆಗೋಗೈತಲ್ಲವ್ವ! ಎಲ್ಲಾನೂ ಬೇಳೆ ಗುಣ. ನೀರು ಸರಿ ಇದ್ರೆ ನಮ್ಮ ಬೇಳೆ ಹೆಂಗ್ ಬೇಯ್ತದೆ ಅಂತ ಆ ಈರಭದ್ರ ಬಂದು ನೋಡ್ಬೇಕು."

ಮನೆಯ ಮಾತು ಅಲ್ಲೇ ಮುಗಿಯಿತು. ಯುಗಾದಿಯ ಮುಂಚೆ ಹಾಲು ಉಕ್ಕಿಸಿದರು. ಅಜ್ಜಂಪುರದ ಮನೆಯನ್ನು ಬುಕ್ಕಾಂಬುಧಿಯ ಕಡೆಯವರು ಯಾರೋ ಕೊಂಡರೆಂದು ಕೇಳಿ ಮಲ್ಲಿಕಾಂಬನ ಮನಸ್ಸಿನ ಒಂದು ಭಾರವೂ ಇಳಿಯಿತು.

ಹೊಸ ಮನೆಯಲ್ಲಿ ಅವಳಿಗೆ ಎಲ್ಲವೂ ಹಿಡಿಸಿತು. ಬೆಳಿಗ್ಗೆ ಇಬ್ಬರೂ ಒಟ್ಟಿಗೆ ಬಾಗಿಲು ದಾಟಿ ಸ್ಟೇಷನ್ನಿಗೆ ನಡೆಯುವರು. ಅವನ ಗಾಡಿ ಆ ಕಡೆ, ಅವಳದು ಈ ಕಡೆ. ಸಂಜೆ ಯಾರು ಮೊದಲು ಬಂದರೂ ಇನ್ನೊಬ್ಬರಿಗಾಗಿ ಪ್ಲಾಟ್‌ಫಾರಮ್ಮಿನ ಬೆಂಚಿನ ಮೇಲೆ ಕಾಯುವರು. ಮನೆಗೆ ಬಂದರೆ ಒಲೆಯ ಮೇಲೆ ಬಿಸಿ ಸಾರು. ಬಟ್ಟೆಗೆ ಹಾಕಿದ ಸೋಪಿಗೆ ನೊರೆ ಬರುತ್ತಿರಲಿಲ್ಲ. ಸೋಪೇ ಸರಿಯಿಲ್ಲವೆಂದು ಅವಳು ಎರಡು ಬಗೆಯ ಸೋಪು ಬದಲಾಯಿಸಿದಳು. ಬಾವಿಯ ನೀರು ಬಾಯಿಗೆ ಒಗರು ಅನ್ನಿಸಿದರೂ, ಹೊಸ ಊರಿನ ನೀರು, ಅಭ್ಯಾಸವಾಗಬೇಕು ಎಂದುಕೊಂಡಳು. ಸಂತೋಷದಲ್ಲಿರುವವರಿಗೆ ನಾಲಿಗೆಯೂ ಅಷ್ಟು ಚುರುಕಾಗಿರುವುದಿಲ್ಲ.

ಜೂನ್ ತಿಂಗಳಲ್ಲಿ ಒಂದು ದಿನ ಇನ್‌ಸ್ಪೆಕ್ಟರು ಸ್ಕೂಲು ನೋಡಿ ಮೆಚ್ಚಿ ಹೋದರು. ಆ ಖುಷಿಗೆ ಹೆಡ್‌ಮಿಸ್ಟ್ರೆಸ್ಸು ಮಧ್ಯಾಹ್ನವೇ ರಜ ಕೊಟ್ಟರು. ಸಿಕ್ಕಿದ ಗಾಡಿ ಹತ್ತಿ ಮಲ್ಲಿಕಾಂಬ ಹೊತ್ತಲ್ಲದ ಹೊತ್ತಿನಲ್ಲಿ ಮನೆಗೆ ಬಂದಳು.

ಅಡುಗೆಮನೆಯಲ್ಲಿ ಹೊಗೆ ತುಂಬಿತ್ತು. ಬೆಳಿಗ್ಗೆ ತಾವು ಹೊರಡುವಾಗ ಒಲೆಯ ಮೇಲಿಟ್ಟಿದ್ದ ತಪ್ಪಲೆಯೇ ಇನ್ನೂ ಕುದಿಯುತ್ತಿತ್ತು. ವಿಶಾಲಾಕ್ಷಮ್ಮ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಒಂದು ಕೈಯಲ್ಲಿ ಪುಳ್ಳೆ ಮುಂದೂಡುತ್ತಾ, ಇನ್ನೊಂದು ಕೈಯಲ್ಲಿ ರೊಟ್ಟಿಯನ್ನು ಬರೀ ಮೆಣಸಿನಕಾಯಿ ಚಟ್ನಿಯಲ್ಲಿ ಅದ್ದಿ ತಿನ್ನುತ್ತಿದ್ದರು. ತಪ್ಪಲೆಯ ಒಳಗಿನ ಅಂಚಿಗೆ ಸುಣ್ಣ ಬಳಿದ ಹಾಗೆ ಬಿಳಿಯ ಪದರ ಕಟ್ಟಿತ್ತು. ಮಲ್ಲಿಕಾಂಬ ಸೌಟಿನಲ್ಲಿ ಎತ್ತಿ ನೋಡಿದಳು. ಅರ್ಧ ಬೆಂದ ಬೇಳೆ, ಬೇಗ ಬೇಯಲೆಂದು ಬಿಟ್ಟ ಹರಳೆಣ್ಣೆ ಮೇಲೆ ತೇಲುತ್ತಿತ್ತು.

ದಿನಾ ಸಂಜೆ ತಾವು ಉಣ್ಣುವ ಸಾರು ಇದು. ಭಾನುವಾರ ಮಾತ್ರ ಅತ್ತೆ ಬೇಳೆ ಮುಟ್ಟಗೊಡದೆ, "ಇವತ್ತು ಸೊಪ್ಪು ಮಾಡಾನ," ಎನ್ನುತ್ತಿದ್ದುದು ಯಾಕೆಂದು ಆಗ ತಿಳಿಯಿತು.

"ಅತ್ತೆ, ಅವತ್ತು ಭಾವನೋರ ಮುಂದೆ ಹೆಂಗೆ ಬೇಯ್ತು?"

ವಿಶಾಲಾಕ್ಷಮ್ಮ ರೊಟ್ಟಿಯ ತುಂಡನ್ನು ನುಂಗಿದರು.

"ರಾತ್ರಿಯೆಲ್ಲ ಕಡೂರು ನೀರಲ್ಲಿ ನೆನೆಹಾಕಿದ್ದೆ. ಬೆಳಿಗ್ಗೆ ಬಟ್ಟೇಲಿ ಒರೆಸಿ ಗಂಟು ಕಟ್ಕಂಡೆ."

"ಅಂದ್ರೆ ಈ ನೀರು ಹಿಂಗೆ ಅಂತ ನಿಮಗೆ ಮೊದ್ಲೇ..."

"ಅಂಜಿನಪ್ಪ ಬಾಯಿ ತೆಗೆದಾಗ್ಲೇ ಗೊತ್ತಾಯ್ತು. ಅದಕ್ಕೂ ಮುಂಚೆ ಬಾವಿ ಕಲ್ಲು ನೋಡ್ದಾಗ್ಲೇ ಗೊತ್ತಾಯ್ತು, ಬೆಳ್ಳಗೆ ಪಾಚಿ ಕಟ್ದಂಗೆ ಇತ್ತಲ್ಲ. ನೀರು ಹೆಂಗಾದ್ರೂ ಇರ್ಲಿ ಅಂತ ನೆನೆಸ್ಕಂಡೇ ಬಂದಿದ್ದೆ."

ಮಲ್ಲಿಕಾಂಬ ಅಲ್ಲೇ ಹೊಸಿಲ ಮೇಲೆ ಕೂತುಬಿಟ್ಟಳು. ಹುಣಸೆಹಣ್ಣಿನದು ಒಂದು ದಿನದ ಆಟ ಎಂದುಕೊಂಡು ಇಷ್ಟು ದಿನ ಅದಕ್ಕಷ್ಟೇ ಋಣಿಯಾಗಿದ್ದಳು. ಇದು ದಿನದ ಕೆಲಸ. ತಾನು ಗಾಡಿಯಲ್ಲಿ ಕೂತು ಕಿಟಕಿಯಾಚೆ ನೋಡುತ್ತಿರುವಾಗ, ಹುಡುಗಿಯರಿಗೆ ನದಿಗಳ ಹೆಸರು ಹೇಳುತ್ತಿರುವಾಗ, ಇಲ್ಲೊಬ್ಬರು ಹೊಗೆಯಲ್ಲಿ ಕೂತಿರುತ್ತಾರೆ.

"ಕಡೂರಲ್ಲಿ ಅಕ್ಕನ ಹತ್ರ ಇದ್ದಿದ್ರೆ ನಿಮಗೆ ಈ ಪಾಡು ಇರ್ತಿರ್ಲಿಲ್ಲ," ಎಂದಳು. ಅಕ್ಕ ಎಂದರೆ ವಾರಗಿತ್ತಿ, ಕರಿಸಿದ್ದಪ್ಪನ ಹೆಂಡತಿ ಮೀನಾಕ್ಷಮ್ಮ.

"ಪಾಡು ಏನೇ ಪಾಡು? ಅಲ್ಲಿ ಮೀನಾಕ್ಷಿ ಬೇಯಿಸ್ತಿದ್ಲು, ನಾನು ತಟ್ಟೆ ಮುಂದೆ ಕೂರ್ತಿದ್ದೆ. ಒಳ್ಳೇಳೇ, ಏನೂ ಕಮ್ಮಿ ಮಾಡ್ಲಿಲ್ಲ. ಆದ್ರೂ ಒಲೆ ಅವಳದು. ಇಲ್ಲಿ ನಂಗೂ ಒಂದು ಒಲೆ ಸಿಕ್ತು." ಪುಳ್ಳೆಯೊಂದನ್ನು ಒಳಕ್ಕೆ ತಳ್ಳಿದರು. "ಬೇಳೆ ನಿಧಾನಕ್ಕೆ ಬೇಯ್ತದೆ. ನಂಗೇನು ಗಾಡಿ ತಪ್ಪೋಯ್ತದಾ?"

ಮಲ್ಲಿಕಾಂಬ ಸೆರಗಿನಿಂದ ಮುಖ ಒರೆಸಿಕೊಂಡಳು.

"ಅಳೋದಾದ್ರೆ ಆಚೆ ಹೋಗಿ ಅಳೇ. ಇಲ್ಲಿ ಹೊಗೆಗೆ ನಾನೊಬ್ಬಳೇ ಸಾಕು."

ಸಂಜೆ ಅವಳು ಇದನ್ನೆಲ್ಲ ಗಂಡನಿಗೆ ಹೇಳಿದಳು. ಹುಣಸೆಹಣ್ಣಿನ ವಿಷಯವನ್ನೂ ಬಿಡಲಿಲ್ಲ. ಪಂಚಾಕ್ಷರಪ್ಪ ಅಂಗಿ ಬಿಚ್ಚಿ ಗೂಟಕ್ಕೆ ಹಾಕುತ್ತಿದ್ದ.

"ಹುಣಸೆಬೀಜ ಸುಟ್ಕಂಡು ತಿಂದೇ ನಾನು ಬೆಳೆದದ್ದು," ಎಂದ. "ಆ ಸದ್ದು ನಂಗೆ ಗೊತ್ತಾಗಲ್ವಾ?"

"ಮತ್ತೆ ಒಂದು ಮಾತೂ ಹೇಳ್ಲಿಲ್ಲ?"

"ಹೇಳಿದ್ರೆ ಅಣ್ಣಂಗೂ ಗೊತ್ತಾಗ್ತಿತ್ತು."

ಅಷ್ಟೇ. ಆದರೆ ಅಣ್ಣನೆದುರು ಅವನು ಸುಮ್ಮನಿದ್ದುದನ್ನು ಇಷ್ಟು ದಿನ ಮನಸ್ಸಿನಲ್ಲಿ ಒಂದು ಮುಳ್ಳಿನಂತೆ ಇಟ್ಟುಕೊಂಡಿದ್ದ ಮಲ್ಲಿಕಾಂಬ, ಆ ಹಿತ್ತಲಲ್ಲಿ ಅವನು ಸುಮ್ಮನಿದ್ದುದನ್ನು ಅದರ ಪಕ್ಕದಲ್ಲಿಟ್ಟು ನೋಡಿದಳು. ಒಂದೇ ಮನುಷ್ಯನ ಎರಡು ಮೌನ. ಮೊದಲನೆಯದನ್ನು ಅವಳು ಪೂರ್ತಿ ಮರೆಯಲಿಲ್ಲ. ಎರಡನೆಯದನ್ನು ಎಂದೂ ಮರೆಯುವಂತಿರಲಿಲ್ಲ.

ಮರುದಿನ ತರೀಕೆರೆಯ ಪೇಟೆಯಲ್ಲಿ ಅವಳು ಮುಚ್ಚಳವಿರುವ ಒಂದು ಅಲ್ಯುಮಿನಿಯಂ ಕ್ಯಾನು ಕೊಂಡಳು. ಸ್ಕೂಲಿನ ಬಾವಿಯ ನೀರು ಸಿಹಿ. ಊರಿನ ಅರ್ಧ ಜನ ಅಲ್ಲಿಂದಲೇ ಒಯ್ಯುತ್ತಿದ್ದರು. ಕೊನೆಯ ಗಂಟೆ ಹೊಡೆದ ಮೇಲೆ ತಾನೇ ಸೇದಿ, ಬಟ್ಟೆಯಲ್ಲಿ ಸೋಸಿ, ಕ್ಯಾನು ತುಂಬಿಸಿದಳು. ಗಾಡಿಯಲ್ಲಿ ದಿನವೂ ಜೊತೆಗೆ ಬರುವ ತರಕಾರಿ ಮಾರುವ ದ್ಯಾಮಮ್ಮ ಕ್ಯಾನಿನ ಮೇಲೆ ಕಣ್ಣಿಟ್ಟಳು.

"ಏನ್ ಟೀಚರಮ್ಮ, ತುಪ್ಪನಾ?"

"ನೀರು."

"ನೀರಾ? ಯಾಕೆ, ಬೀರೂರಾಗೆ ಬಾವಿ ಬತ್ತೋದ್ವಾ?"

"ಬೇಳೆ ಬೇಯಲ್ಲ ಕಣವ್ವ ಆ ನೀರಲ್ಲಿ."

"ಅಯ್ಯೋ ನಮ್ಮವ್ವ! ರೈಲಿನಾಗೆ ಕುಂಡ್ರಿಸ್ಕಂಡು ನೀರು ಕರ್ಕಂಡೋಗೋರ್ನ ಇವತ್ತೇ ನೋಡಿದ್ದು. ಅದ್ಕೂ ಟಿಕೀಟು ತಗಂಡಿದೀರೋ ಇಲ್ವೋ?"

ಇಡೀ ಡಬ್ಬಿ ನಕ್ಕಿತು. ಮಲ್ಲಿಕಾಂಬನೂ ನಕ್ಕಳು. ಅವಳ ನಗು ಆಚೆಯ ಕಿಟಕಿಯವರೆಗೂ ಕೇಳಿಸಿತು.

ಬೀರೂರಿನಲ್ಲಿ ಅವಳು ಇಳಿದಾಗ ಪಂಚಾಕ್ಷರಪ್ಪ ಬೆಂಚಿನ ಮೇಲೆ ಕಾಯುತ್ತಿದ್ದ. ಕ್ಯಾನನ್ನು ನೋಡಿದ. ಏನೆಂದು ಕೇಳಲಿಲ್ಲ, ಅವಳ ಕೈಯಿಂದ ತೆಗೆದುಕೊಂಡು ಮುಂದೆ ನಡೆದ. ಇಸ್ತ್ರಿ ಮಾಡಿದ ಅಂಗಿ, ಕಚ್ಚೆಪಂಚೆ, ಕೈಯಲ್ಲಿ ತುಳುಕುವ ನೀರಿನ ಕ್ಯಾನು. ಬೀದಿಯ ಮೂಲೆಯ ಕಾಫಿ ಹೋಟೆಲಿನವನು ಕೂಗಿದ:

"ಏನ್ರೀ ಗುಮಾಸ್ತ್ರೇ, ಮನೇರು ನೀರು ಹೊರೋಕೆ ಹಚ್ಚಿದ್ರಾ?"

ಪಂಚಾಕ್ಷರಪ್ಪ ನಿಂತ. ಅವನು ಹೀಗೆ ನಡುಬೀದಿಯಲ್ಲಿ ನಿಂತು ಯಾರಿಗಾದರೂ ಉತ್ತರ ಕೊಟ್ಟದ್ದನ್ನು ಮಲ್ಲಿಕಾಂಬ ನೋಡಿರಲಿಲ್ಲ.

"ಹೌದು ಕಣ್ರೀ. ನಮ್ಮವ್ವಂಗೆ," ಎಂದ, ಗಟ್ಟಿಯಾಗಿಯೇ. "ನಾಳೆಯಿಂದ ದಿನಾ ತರ್ತೀವಿ. ದಿನಾ ಕೇಳ್ಬೇಡಿ."

ಮನೆಯಲ್ಲಿ ವಿಶಾಲಾಕ್ಷಮ್ಮ ಕ್ಯಾನಿನ ಮುಚ್ಚಳ ತೆಗೆದರು. ಅಂಗೈಯಲ್ಲಿ ಒಂದಿಷ್ಟು ಬಗ್ಗಿಸಿಕೊಂಡು ಬಾಯಿಗೆ ಹಾಕಿಕೊಂಡರು. ಬಾಯೊಳಗೆ ಸ್ವಲ್ಪ ಹೊತ್ತು ಇಟ್ಟುಕೊಂಡು ನುಂಗಿದರು. ಮಗನನ್ನು ನೋಡಿದರು, ಸೊಸೆಯನ್ನು ನೋಡಿದರು. ಇಬ್ಬರೂ ನೆಲ ನೋಡುತ್ತಿದ್ದರು.

ಅವರು ಕ್ಯಾನನ್ನು ಒಲೆಯ ಹತ್ತಿರ ಒಯ್ಯಲಿಲ್ಲ. ಕೈಕಾಲು ತೊಳೆದು, ವಿಭೂತಿ ಹಚ್ಚಿಕೊಂಡು, ಒಂದು ಬಟ್ಟಲು ನೀರು ತೆಗೆದು ಮೊದಲು ಕೊರಳ ಲಿಂಗಕ್ಕೆ ಎರೆದರು. ಆ ಸಂಜೆಯ ಪೂಜೆ ಎಂದಿಗಿಂತ ಉದ್ದವಾಯಿತು. ಮಲ್ಲಿಕಾಂಬ ಕಂಬದ ಬಳಿ ನಿಂತು, ಹಾಗೆ ತಲೆ ಬಾಗಿಸಿ ಕೂತ ಅತ್ತೆಯ ಬೆನ್ನನ್ನು ನೋಡುತ್ತಿದ್ದಳು. ಹೇಳಬೇಕೆಂದು ಗಾಡಿಯಲ್ಲಿ ಕೂಡಿಸಿಕೊಂಡು ಬಂದಿದ್ದ ಮಾತುಗಳೆಲ್ಲ ಇದ್ದಲ್ಲೇ ಉಳಿದವು. ಅವನ್ನು ಇನ್ನು ಹೇಳುವ ಅಗತ್ಯ ಅವಳಿಗೆ ಕಾಣಲಿಲ್ಲ.

ಪೂಜೆ ಮುಗಿಸಿ ವಿಶಾಲಾಕ್ಷಮ್ಮ ಎದ್ದು ಕ್ಯಾನು ಬಗ್ಗಿಸಿ ಎಷ್ಟು ಉಳಿದಿದೆಯೆಂದು ನೋಡಿದರು.

"ಲೇ ಮಲ್ಲಿ, ಇಷ್ಟು ಬೇಳೆಗೆ ಸಾಲ್ತದೆ, ಕುಡಿಯೋಕೆ ಇಲ್ಲ," ಎಂದರು. "ನಾಳೆ ಇನ್ನೊಂಚೂರು ದೊಡ್ಡದು ತಗಂಡೋಗೇ."